ವಾಚನಾಲಯದ ತಾರಸಿ ದುರಸ್ತಿ: ಸೋರಿಕೆ ನಿಂತಿತು, ಸಿಲಿಂಡರ್ ಬದಲಿಸಬೇಕಾಯಿತು

ಚಿತ್ರದುರ್ಗದ ಹಳೆಯ ಬಡಾವಣೆಯೊಂದರಲ್ಲಿರುವ ನಮ್ಮ ಸಾರ್ವಜನಿಕ ವಾಚನಾಲಯದ ತಾರಸಿ ದುರಸ್ತಿಯನ್ನೂ ಬೆಂಕಿ ನಂದಿಸುವ ಸಿಲಿಂಡರ್‌ಗಳ ಪೂರೈಕೆಯನ್ನೂ ಒಬ್ಬರೇ ಗುತ್ತಿಗೆದಾರರಿಗೆ ವಹಿಸಿದ್ದೆವು. ಒಂದು ಮಳೆಗಾಲ ಕಳೆದಿರುವುದರಿಂದ ಅವರ ಕೆಲಸದ ಬಗ್ಗೆ ಈಗ ಧೈರ್ಯವಾಗಿ ಬರೆಯಬಹುದು.

ನಮ್ಮದು ಚಪ್ಪಡಿ ಕಲ್ಲಿನ ಮೇಲೆ ಗಾರೆ ಹಾಕಿದ ಮಾಳಿಗೆ. ಹಿಂದೆ ಬಂದವರೆಲ್ಲ ಬಿರುಕುಗಳ ಮೇಲೆ ರಾಸಾಯನಿಕ ಬಳಿದು ಹಣ ಎಣಿಸಿಕೊಂಡು ಹೋಗಿದ್ದರು. ಇವರು ಡಬ್ಬಿ ತೆರೆಯುವ ಮೊದಲು ನಾಲ್ಕು ಬಕೆಟ್ ನೀರು ಸುರಿದು ಅದು ಎತ್ತ ಹರಿಯುತ್ತದೆಂದು ನೋಡಿದರು. ನೀರು ಎತ್ತಲೂ ಹರಿಯಲಿಲ್ಲ. ಗೋಡೆಯಂಚಿನಲ್ಲಿ ಬೇರುಬಿಟ್ಟಿದ್ದ ಅರಳಿ ಸಸಿಯೂ ವರ್ಷಗಟ್ಟಲೆ ಕೊಳೆತ ಎಲೆಗಳೂ ಕೊಳವೆಯ ಬಾಯನ್ನೇ ಮುಚ್ಚಿದ್ದವು. ಸಸಿಯನ್ನು ಬೇರುಸಹಿತ ತೆಗೆದು, ಇಳಿಜಾರು ಸರಿಪಡಿಸಿ, ಕೊಳವೆಗೆ ಜಾಲರಿ ಕೂರಿಸಿದ ಮೇಲೆಯೇ ಲೇಪನ ಮಾಡಿದರು. ಬಳಿಕ ಎರಡು ದಿನ ನೀರು ಕಟ್ಟಿ ನಿಲ್ಲಿಸಿ ತೋರಿಸಿದರು. ಕೋಟೆಯ ಮೇಲೆ ಒಂದು ಹೊಂಡ ತುಂಬಿದರೆ ಮತ್ತೊಂದಕ್ಕೆ ಹರಿಯುವಂತೆ ಕಟ್ಟಿದವರ ಊರಿನಲ್ಲಿ ನಾವು ಒಂದು ಕೊಳವೆಯನ್ನು ನೋಡಿಕೊಳ್ಳಲಾರದೆ ಹೋಗಿದ್ದೆವು. ಆ ಅಲಕ್ಷ್ಯಕ್ಕೆ ಹಿಂದಿನ ವರ್ಷ ದಂಡ ತೆತ್ತಿದ್ದೆವು: ನೆನೆದ ಕಪಾಟನ್ನು ರಜೆ ಕಳೆದು ಮೂರನೆಯ ದಿನ ತೆರೆದಾಗ ರಟ್ಟುಗಳ ಮೇಲೆ ಬೂಷ್ಟು ಹಿಡಿದಿತ್ತು, ನುಣುಪು ಕಾಗದದ ಚಿತ್ರಪುಸ್ತಕಗಳ ಹಾಳೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು. ಈ ಮಳೆಗಾಲದಲ್ಲಿ ಒಂದು ಹನಿಯೂ ಒಳಗೆ ಬೀಳಲಿಲ್ಲ.

ಕಪಾಟುಗಳನ್ನು ಗೋಡೆಯಿಂದ ಒಂದು ಗೇಣು ಸರಿಸಿ ಗಾಳಿಯಾಡಲು ಬಿಡಿ ಎಂದು ಮೇಸ್ತ್ರಿ ಹೇಳಿದ ಮಾತು ಬಿಲ್ಲಿನಲ್ಲಿ ಇರಲಿಲ್ಲ, ಆದರೆ ಬೆಲೆಯುಳ್ಳದ್ದಾಗಿತ್ತು.

ಬೆಂಕಿಯ ವಿಷಯದಲ್ಲಿ ಮಾತ್ರ ಇದೇ ಜಾಣ್ಮೆ ಕಾಣಲಿಲ್ಲ. ಬೆಂಕಿ ನಂದಿಸುವ ಪುಡಿ ಬಿದ್ದರೆ ಪುಸ್ತಕ ಹಾಳಾಗುತ್ತದೆಂದು ಎಲ್ಲ ಕೋಣೆಗಳಿಗೂ ಇಂಗಾಲದ ಡೈಆಕ್ಸೈಡ್ ಸಿಲಿಂಡರ್‌ಗಳನ್ನೇ ತಂದಿಟ್ಟರು. ವಿದ್ಯುತ್ ಫಲಕದ ಬಳಿ ಅದು ಸರಿಯೇ; ಆದರೆ ಕಾಗದದ ಬೆಂಕಿ ಒಳಗೊಳಗೇ ಕೆಂಡವಾಗಿ ಉಳಿಯುವುದರಿಂದ, ಈ ಅನಿಲ ಚದುರಿದೊಡನೆ ಮತ್ತೆ ಹೊತ್ತಿಕೊಳ್ಳಬಹುದು. ಪುಸ್ತಕದ ಸಾಲುಗಳಿಗೆ ಎಬಿಸಿ ಪುಡಿಯದೋ (ಘನ, ದ್ರವ, ಅನಿಲ ಮೂರೂ ಬಗೆಯ ಬೆಂಕಿಗೆ ಆಗುವಂಥದ್ದು) ನೀರಿನದೋ ಬೇಕು. ಸಾಲದ್ದಕ್ಕೆ ಒಂದು ಸಿಲಿಂಡರನ್ನು ಕೊನೆಯ ಕಪಾಟಿನ ಹಿಂದೆ ತೂಗುಹಾಕಿದ್ದರು. ಹೊಗೆ ತುಂಬಿದಾಗ ಅಲ್ಲಿಗೆ ಹೋಗುವವರು ಯಾರು? ಕೇಳಿದಾಗ ವಾದಿಸದೆ ಬದಲಿಸಿ ಬಾಗಿಲ ಬಳಿಗೆ ತಂದರಾದರೂ ಸಾಗಣೆಯ ಖರ್ಚನ್ನು ನಮ್ಮ ಲೆಕ್ಕಕ್ಕೇ ಹಾಕಿದರು.

ಬೇಸಿಗೆಯಲ್ಲಿ ಕಿಟಕಿಯ ಚೌಕಟ್ಟುಗಳ ಕೆಲಸಕ್ಕೆ ಅವರನ್ನೇ ಕರೆಯಲಿದ್ದೇವೆ. ಸಿಲಿಂಡರ್‌ಗಳ ವಾರ್ಷಿಕ ತಪಾಸಣೆಗೆ ಬೇರೆಯವರನ್ನು ಹುಡುಕುತ್ತಿದ್ದೇವೆ.