ಆ ರೆಕಾರ್ಡ್ ಮಾಡಿದ ಕರೆಯನ್ನು ಕಟ್ ಮಾಡಬೇಡಿ

ಮೊದಲ ಸಲ ಕರೆ ಬಂದಾಗ ನಾನೇ ಕಟ್ ಮಾಡಿದೆ. ಗುರುತಿಲ್ಲದ ನಂಬರ್. ಎತ್ತಿದರೆ ರೆಕಾರ್ಡ್ ಮಾಡಿದ ಇಂಗ್ಲಿಷ್ ದನಿ. ಹಣ ಕಟ್ಟಲು ಒಂದು ಒತ್ತಿ, ಬೇಡದಿದ್ದರೆ ಎರಡು ಒತ್ತಿ ಅಂತ. ಕಾರಿನ ವಾರಂಟಿ ಮಾರುವವರ ಕಾಟ ಅಮೆರಿಕದಲ್ಲಿ ದಿನಾ ಇದ್ದದ್ದೇ. ಇದೂ ಅಂಥದ್ದೇ ಅಂದುಕೊಂಡೆ. ಮೂರು ಸಲ ಬಂತು, ಮೂರು ಸಲವೂ ಕಟ್ ಮಾಡಿದೆ. ಆ ಕಡೆ ಇದ್ದವನು ನನ್ನ ಅಕ್ಕನ ಮಗ. ಅವನನ್ನು ಇಲ್ಲಿನ ವಲಸೆ ಇಲಾಖೆಯವರು ಹಿಡಿದುಕೊಂಡು ಹೋಗಿ ಆಗಲೇ ಎರಡು ದಿನ ಆಗಿತ್ತು.

ನಾವಿರುವುದು ನ್ಯೂಜೆರ್ಸಿಯಲ್ಲಿ. ಅಕ್ಕ, ಭಾವ ತಿಪಟೂರಿನ ಪಕ್ಕದ ಹಳ್ಳಿಯಲ್ಲಿ ತೆಂಗಿನ ತೋಟ ಮಾಡಿಕೊಂಡಿದ್ದಾರೆ. ಹುಡುಗ ಇಲ್ಲಿಗೆ ಎಂಎಸ್ ಓದಲು ಬಂದಿದ್ದ. ಅವನ ಹೆಸರು, ಅವನನ್ನು ಇಟ್ಟಿದ್ದ ಜಾಗ, ಅದನ್ನು ನಡೆಸುವ ಕಂಪನಿ, ಯಾವುದನ್ನೂ ಬರೆಯುವುದಿಲ್ಲ. ಕಾಗದಪತ್ರದ ವ್ಯವಹಾರ ಇನ್ನೂ ಮುಗಿದಿಲ್ಲ. ಮಕ್ಕಳನ್ನೋ ತಮ್ಮಂದಿರನ್ನೋ ಇಲ್ಲಿಗೆ ಕಳಿಸಿದವರು ಓದಲಿ ಅಂತ ನಡೆದದ್ದನ್ನಷ್ಟೇ ಬರೆಯುತ್ತಿದ್ದೇನೆ.

ತಪ್ಪು ಅವನದೂ ಇದೆ. ಮುಚ್ಚಿಡುವುದು ಬೇಡ. ಓದು ಮುಗಿದ ಮೇಲೆ ಕೆಲಸ ಮಾಡಲು ವಿದ್ಯಾರ್ಥಿಗಳಿಗೆ ಸಿಗುವ ಅವಕಾಶಕ್ಕೆ ಓಪಿಟಿ ಅನ್ನುತ್ತಾರೆ. ಅದರಲ್ಲಿ 90 ದಿನಕ್ಕಿಂತ ಜಾಸ್ತಿ ಕೆಲಸ ಇಲ್ಲದೆ ಇರುವಂತಿಲ್ಲ. ಎಂಬತ್ತು ದಿನ ದಾಟಿದಾಗ ಇವನಿಗೆ ಕೈಕಾಲು ಆಡಲಿಲ್ಲ. ನಮ್ಮವರೇ ನಡೆಸುವ ಒಂದು ಕನ್ಸಲ್ಟೆನ್ಸಿಗೆ ದುಡ್ಡು ಕೊಟ್ಟು ಅವರ ಪೇರೋಲ್‌ನಲ್ಲಿ ಹೆಸರು ಹಾಕಿಸಿಕೊಂಡ. ಕೆಲಸ ಇಲ್ಲ, ಪ್ರಾಜೆಕ್ಟ್ ಇಲ್ಲ, ಕಾಗದದಲ್ಲಿ ಮಾತ್ರ ನೌಕರಿ. ಎಲ್ಲರೂ ಮಾಡ್ತಾರೆ ಚಿಕ್ಕಮ್ಮ ಅಂದಿದ್ದ. ನಾನೂ ಸುಮ್ನೆ ಇದ್ದೆ. ಹಾಗೆ ಸುಮ್ಮನಿರಬಾರದಿತ್ತು. ನನಗೂ ಬುದ್ಧಿ ಇರಬೇಕಿತ್ತು, ಯಾಕೆಂದರೆ 2019ರಲ್ಲಿ ಮಿಷಿಗನ್‌ನಲ್ಲಿ ಫಾರ್ಮಿಂಗ್ಟನ್ ಯೂನಿವರ್ಸಿಟಿ ಎಂಬ ಸುಳ್ಳು ವಿಶ್ವವಿದ್ಯಾಲಯದ ಸುದ್ದಿ ನಾವೆಲ್ಲ ಓದಿದ್ದೆವು. ವೀಸಾಕ್ಕಾಗಿ ಹೆಸರಿಗಷ್ಟೇ ಕಾಲೇಜು ಸೇರುವವರನ್ನು ಹಿಡಿಯಲು ಅದನ್ನು ಶುರು ಮಾಡಿದ್ದು ಸರ್ಕಾರದ ತನಿಖೆಯವರೇ. ಸೇರಿದ್ದ ಸುಮಾರು 600 ಹುಡುಗರಲ್ಲಿ ಹೆಚ್ಚಿನವರು ನಮ್ಮ ದೇಶದವರು. ಇನ್ನೂರಕ್ಕೂ ಹೆಚ್ಚು ಜನರನ್ನು ಹಿಡಿದರು. ನಮ್ಮ ಮನೆಗೆ ಬರುವ ಕಷ್ಟ ಅಲ್ಲ ಅದು ಅಂದುಕೊಂಡಿದ್ದೆವು.

ಇವನನ್ನು ಬೆಳಗಿನ ಜಾವ ರೂಮಿನಿಂದ ಕರೆದುಕೊಂಡು ಹೋದರು. ಫೋನ್ ಕಸಿದುಕೊಂಡರು. ಒಳಗೆ ಹೋದ ಮೇಲೆ ಬಾಯಿಪಾಠ ಇರುವ ನಂಬರಿಗೆ ಮಾತ್ರ ಕರೆ ಮಾಡಬಹುದು, ಅಲ್ವಾ? ಈಗಿನ ಹುಡುಗರಿಗೆ ಯಾರ ನಂಬರ್ ಬಾಯಿಪಾಠ ಇದೆ ಹೇಳಿ! ಇವನಿಗೆ ನನ್ನದು ನೆನಪಿದ್ದದ್ದು ದಿನಸಿ ಅಂಗಡಿಯ ದೆಸೆಯಿಂದ. ರಿಯಾಯಿತಿ ಸಿಗಲಿ ಅಂತ ಕೌಂಟರಿನಲ್ಲಿ ಯಾವಾಗಲೂ ನನ್ನ ನಂಬರ್ ಹೇಳುತ್ತಿದ್ದ.

ರೂಮಿನ ಹುಡುಗರು ಸುದ್ದಿ ಮುಟ್ಟಿಸಿದ ಮೇಲೆ ಹುಡುಕಲು ಕೂತೆವು. ಬಂಧನದಲ್ಲಿ ಇರುವವರನ್ನು ಹುಡುಕಲು ಸರ್ಕಾರದ ಒಂದು ವೆಬ್‌ಸೈಟ್ ಇದೆ. ಅದಕ್ಕೆ ಎ ನಂಬರ್, ಅಂದರೆ ವಲಸೆ ಇಲಾಖೆ ಕೊಡುವ ಗುರುತಿನ ಸಂಖ್ಯೆ, ಮತ್ತು ಹುಟ್ಟಿದ ದೇಶ ಕೊಡಬೇಕು. ಎ ನಂಬರ್ ಇಲ್ಲದಿದ್ದರೆ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು. ನಮ್ಮ ಇನಿಷಿಯಲ್ ಗಲಾಟೆ ಗೊತ್ತಲ್ಲ. ಊರ ಹೆಸರು, ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಹಿಂದುಮುಂದು. ಹತ್ತು ಥರ ಹಾಕಿ ನೋಡಿದೆವು. ದಾಖಲೆ ಇಲ್ಲ, ದಾಖಲೆ ಇಲ್ಲ. ಓಪಿಟಿ ಮಾಡುವವರ ಕೆಲಸದ ಪರವಾನಗಿ ಕಾರ್ಡಿನ ಮೇಲೆ ಆ ಎ ನಂಬರ್ ಅಚ್ಚಾಗಿರುತ್ತದೆ ಅಂತ ತಿಳಿದದ್ದು ನಾಲ್ಕನೇ ದಿನ. ದಯವಿಟ್ಟು ಇವತ್ತೇ ಆ ಕಾರ್ಡಿನ ಎರಡೂ ಬದಿಯ ಫೋಟೋ ತರಿಸಿ ಇಟ್ಟುಕೊಳ್ಳಿ. ಊರಿನಲ್ಲಿರುವ ಅಪ್ಪ ಅಮ್ಮನ ಫೋನಿನಲ್ಲೂ ಇರಲಿ.

ನಂಬರ್ ಸಿಕ್ಕಿದಾಗ ನೋಡಿದರೆ ಅವನು ನ್ಯೂಜೆರ್ಸಿಯಲ್ಲೇ ಇಲ್ಲ. ದಕ್ಷಿಣದ ಒಂದು ರಾಜ್ಯಕ್ಕೆ ಸಾಗಿಸಿಬಿಟ್ಟಿದ್ದರು. ವಿಮಾನದಲ್ಲಿ ಹೋಗಿ ಮತ್ತೆ ಮೂರು ಗಂಟೆ ಕಾರು ಓಡಿಸಬೇಕು. ಯಾಕೆ ಅಷ್ಟು ದೂರ ಅಂತ ವಕೀಲರನ್ನು ಕೇಳಿದೆ. ಹಾಸಿಗೆ ಅಲ್ಲಿ ಖಾಲಿ ಇತ್ತು ಅಂದರು. ಆ ಮಾತು ನನಗೆ ಅವತ್ತು ಅರ್ಥ ಆಗಲಿಲ್ಲ.

ಆಮೇಲೆ ರಾತ್ರಿ ನಿದ್ದೆ ಬಾರದಾಗ ಕೂತು ಓದಿದೆ. ನಮ್ಮ ಕಡೆ ಜೈಲು ಅಂದರೆ ಸರ್ಕಾರದ್ದು. ಪರಪ್ಪನ ಅಗ್ರಹಾರದ ಬಗ್ಗೆ ಏನೇ ಬೈದರೂ ಅದರ ಷೇರು ಪೇಟೆಯಲ್ಲಿ ಮಾರಾಟಕ್ಕಿಲ್ಲ. ಇಲ್ಲಿ ಇದೆ. 1983ರಲ್ಲಿ ಟೆನೆಸಿಯಲ್ಲಿ ಜೈಲು ನಡೆಸುವುದನ್ನೇ ವ್ಯಾಪಾರ ಮಾಡಿಕೊಂಡ ಮೊದಲ ದೊಡ್ಡ ಕಂಪನಿ ಹುಟ್ಟಿತು. ಈಗ ಅದರ ಹೆಸರು ಕೋರ್‌ಸಿವಿಕ್. ಬೇಗನೇ ಅವರಿಗೆ ವಲಸಿಗರನ್ನು ಇಡುವ ಗುತ್ತಿಗೆ ಸಿಕ್ಕಿತು, ಕಟ್ಟಡ ಮಾತ್ರ ಇನ್ನೂ ಆಗಿರಲಿಲ್ಲ. ಹ್ಯೂಸ್ಟನ್‌ನಲ್ಲಿ ಒಂದು ಮೋಟೆಲ್ ಬಾಡಿಗೆಗೆ ಹಿಡಿದು ಅದರಲ್ಲೇ ಜನರನ್ನು ಇಟ್ಟರು. ವ್ಯಾಪಾರ ಶುರುವಾದದ್ದೇ ವಲಸಿಗರಿಂದ. ಇವತ್ತು ವಲಸೆ ಬಂಧನದಲ್ಲಿರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಖಾಸಗಿ ಕಂಪನಿಗಳು ನಡೆಸುವ ಜಾಗಗಳಲ್ಲೇ ಇರುತ್ತಾರೆ. ತಲೆಗೆ ಇಷ್ಟು, ದಿನಕ್ಕೆ ಇಷ್ಟು ಅಂತ ಸರ್ಕಾರ ಕೊಡುತ್ತದೆ. ಎಷ್ಟೋ ಗುತ್ತಿಗೆಗಳಲ್ಲಿ ಇಂತಿಷ್ಟು ಹಾಸಿಗೆಗೆ ಹಣ ಖಾತ್ರಿ, ಜನ ಇದ್ದರೂ ಇಲ್ಲದಿದ್ದರೂ. ಹಣ ಹೇಗೂ ಹೋಗುತ್ತದೆ ಅಂದಮೇಲೆ ಖಾಲಿ ಯಾಕೆ ಬಿಡುತ್ತಾರೆ? ಅರಿಜೋನಾದ ಕೆಲವು ಜೈಲುಗಳ ಗುತ್ತಿಗೆಯಲ್ಲಂತೂ ನೂರಕ್ಕೆ ನೂರು ಭರ್ತಿಯ ಖಾತ್ರಿ ಕೊಟ್ಟಿದ್ದರು.

ಹಾಸಿಗೆ ಖಾಲಿ ಇತ್ತು ಅಂದರೆ ಇದು.

ಇನ್ನು ಫೋನು. ನಾಲ್ಕನೇ ಸಲ ಕರೆ ಎತ್ತಿ, ಹೇಳಿದಂತೆ ಒತ್ತಿ, ಕಾರ್ಡ್ ನಂಬರ್ ಕೊಟ್ಟು ಖಾತೆಗೆ ಹಣ ಹಾಕಿದೆ. ಹಣ ಹಾಕುವುದಕ್ಕೂ ಶುಲ್ಕ. ವಿಡಿಯೊದಲ್ಲಿ ಮುಖ ನೋಡಬೇಕಾದರೆ ಬೇರೆ ಲೆಕ್ಕ. ಅಕ್ಕನಿಗೆ ಮಗನ ದನಿ ಕೇಳಿಸಬೇಕು. ತಿಪಟೂರಿಗೆ ನೇರ ಕರೆ ಮಾಡಿದರೆ ದುಡ್ಡು ನೀರಿನ ಹಾಗೆ ಹೋಗುತ್ತಿತ್ತು. ನಾನು ಒಂದು ಫೋನಿನಲ್ಲಿ ಅವನನ್ನು, ಇನ್ನೊಂದರಲ್ಲಿ ವಾಟ್ಸಾಪ್‌ನಲ್ಲಿ ಅಕ್ಕನನ್ನು ಹಿಡಿದು ಎರಡನ್ನೂ ಎದುರು ಬದುರು ಇಡುತ್ತಿದ್ದೆ. ಅಕ್ಕ ಪ್ರತಿ ದಿನ ಕೇಳುತ್ತಿದ್ದದ್ದು ಒಂದೇ. "ಊಟ ಮಾಡ್ದೇನೋ ಮಗ?" ಇವನು ಹ್ಞೂಂ ಅನ್ನುತ್ತಿದ್ದ.

ಊಟದ ಕಥೆ ನನಗೆ ಗೊತ್ತಿತ್ತು. ಹುಡುಗ ಮೊಟ್ಟೆಯನ್ನೂ ತಿನ್ನುವುದಿಲ್ಲ. ಹುರುಳಿಕಾಯಿ, ಬ್ರೆಡ್ಡು, ಬೇಯಿಸಿದ ಜೋಳದ ಕಾಳು ಅಷ್ಟೇ. ಉಳಿದದ್ದಕ್ಕೆ ಕಮಿಸರಿ ಅಂತ ಒಳಗಿನ ಅಂಗಡಿ. ಅಲ್ಲಿ ನೂಡಲ್ಸ್ ಪೊಟ್ಟಣ ಕೊಂಡು, ಕೋಳಿ ಮಸಾಲೆ ಬಿಸಾಕಿ, ನಲ್ಲಿಯ ಬಿಸಿನೀರಿನಲ್ಲಿ ನೆನೆಸಿ ತಿನ್ನುತ್ತಿದ್ದ. ಹೊರಗಿನ ಅಂಗಡಿಗಿಂತ ರೇಟು ಎಷ್ಟೋ ಜಾಸ್ತಿ. ಹೊತ್ತು ಹೋಗಲಿ ಅಂತ ಕಾರಿಡಾರ್ ಒರೆಸುವ ಕೆಲಸಕ್ಕೆ ಸೇರಿಕೊಂಡ. ಕೂಲಿ ದಿನಕ್ಕೆ ಒಂದು ಡಾಲರ್. ಗಂಟೆಗಲ್ಲ, ದಿನಕ್ಕೆ. ಅದು 1950ರಲ್ಲಿ ನಿಗದಿಯಾದ ದರವಂತೆ. ನಮ್ಮ ತೋಟಕ್ಕೆ ಕಾಯಿ ಸುಲಿಯಲು ಬರುವವರು ಆ ರೇಟು ಕೇಳಿದರೆ ನಕ್ಕು ಎದ್ದು ಹೋಗುತ್ತಾರೆ.

ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಜಿಯೋ ಗ್ರೂಪ್ ಎಂಬ ಕಂಪನಿ ನಡೆಸುವ ಕೇಂದ್ರದ ಮೇಲೆ ಇದೇ ವಿಷಯಕ್ಕೆ ಕೇಸು ನಡೆಯಿತು. 2021ರಲ್ಲಿ ಜ್ಯೂರಿ, ಕನಿಷ್ಠ ಕೂಲಿ ಕೊಡಲೇಬೇಕು, ದುಡಿದವರಿಗೆ 1 ಕೋಟಿ 73 ಲಕ್ಷ ಡಾಲರ್ ಬಾಕಿ ಕೊಡಿ ಅಂದಿತು. 2025ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಜ್ಯೂರಿಯ ತೀರ್ಪು ಬಂದ ಮೇಲೆ ಕಂಪನಿ ಏನು ಮಾಡಿತು ಗೊತ್ತಾ? ಕೂಲಿ ಹೆಚ್ಚಿಸಲಿಲ್ಲ, ಆ ಕೆಲಸದ ಕಾರ್ಯಕ್ರಮವನ್ನೇ ಅಲ್ಲಿ ನಿಲ್ಲಿಸಿಬಿಟ್ಟಿತು.

ಮೂರನೇ ವಾರ ಇವನಿಗೆ ಹಲ್ಲುನೋವು ಶುರುವಾಯಿತು. ಡಾಕ್ಟರನ್ನು ನೋಡಬೇಕಾದರೆ ಚೀಟಿ ಬರೆದು ಹಾಕಬೇಕು. ಹಾಕಿದ. ಮಾತ್ರೆ ಕೊಟ್ಟು ಕಳಿಸಿದರು. ಮತ್ತೆ ಹಾಕಿದ. ದವಡೆ ಊದಿಕೊಂಡು ಫೋನಿನಲ್ಲಿ ಮಾತು ತೊದಲುತ್ತಿತ್ತು. ಅಕ್ಕ ಕೇಳಿದರೆ ಶೀತ ಅಂತ ನಾವಿಬ್ಬರೂ ಸುಳ್ಳು ಹೇಳಿದೆವು. ಹಲ್ಲಿನ ಡಾಕ್ಟರು ಬಂದದ್ದು ನೋವು ಶುರುವಾದ ಹತ್ತೊಂಬತ್ತನೇ ದಿನ. ಉಳಿಸುವ ಚಿಕಿತ್ಸೆ ಇಲ್ಲ, ಬೇಕಾದರೆ ಕಿತ್ತುಹಾಕುತ್ತೇವೆ ಅಂದರಂತೆ. ಇಪ್ಪತ್ತಾರು ವರ್ಷದ ಹುಡುಗನ ದವಡೆ ಹಲ್ಲು ಕಿತ್ತರು.

ನೋಡಲು ಹೋದದ್ದು ಅದಾದ ಮೇಲೆ. ಊರು ಅಂದರೆ ಒಂದು ಪೆಟ್ರೋಲ್ ಬಂಕು, ಒಂದು ಚರ್ಚು, ಈ ಜೈಲು. ಗಾಜಿನ ಆಚೆ ಅವನು, ಈಚೆ ನಾವು, ನಡುವೆ ಫೋನು. ಗಡ್ಡ ಬಿಟ್ಟಿದ್ದ, ಕೆನ್ನೆ ಒಳಗೆ ಹೋಗಿತ್ತು. "ಚಿಕ್ಕಮ್ಮ, ಇಲ್ಲಿ ಲೈಟ್ ಆರಿಸುವುದೇ ಇಲ್ಲ" ಅಂದ. ಮನೆಯವರು ಏನೋ ತಮಾಷೆ ಮಾಡಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು.

ಗೇಟಿನಲ್ಲಿ ನಮ್ಮ ಬ್ಯಾಗ್ ನೋಡಿದ ಹೆಂಗಸಿಗೆ ಅವತ್ತು ಹದಿನಾರು ಗಂಟೆಯ ಪಾಳಿ. ಮುಂದಿನವಳು ಕೆಲಸ ಬಿಟ್ಟು ಹೋದಳಂತೆ. ಕಾಲು ಊದಿಕೊಂಡು ಶೂಗಳ ಲೇಸ್ ಬಿಚ್ಚಿಕೊಂಡು ಕೂತಿದ್ದಳು. ಈ ಊರಿನಲ್ಲಿ ಬೇರೆ ಕೆಲಸ ಇಲ್ಲ ಅಂದಳು. ಆಕೆಯ ಮೇಲೆ ಸಿಟ್ಟು ಬರಲಿಲ್ಲ ನನಗೆ. ಇಂಥ ವ್ಯಾಪಾರದಲ್ಲಿ ದೊಡ್ಡ ಖರ್ಚು ಅಂದರೆ ಸಂಬಳ. ಲಾಭ ಉಳಿಸುವುದೂ ಅಲ್ಲೇ. ಐಡಹೋ ರಾಜ್ಯದ ಒಂದು ಜೈಲಿನಲ್ಲಿ ಕಾವಲಿಗೆ ಜನರೇ ಇಲ್ಲದ 4,800 ಗಂಟೆಗಳಿಗೆ ಜನ ಇದ್ದರು ಅಂತ ಸುಳ್ಳು ಲೆಕ್ಕ ಬರೆದದ್ದನ್ನು 2013ರಲ್ಲಿ ಆಗಿನ ಸಿಸಿಎ ಕಂಪನಿ, ಅಂದರೆ ಈಗಿನ ಕೋರ್‌ಸಿವಿಕ್, ತಾನೇ ಒಪ್ಪಿಕೊಂಡಿತು. ಒಳಗೆ ಹೊಡೆದಾಟ ಎಷ್ಟಿತ್ತೆಂದರೆ ಕೈದಿಗಳು ಆ ಜೈಲನ್ನು ಗರಡಿಶಾಲೆ ಅನ್ನುವ ಅರ್ಥದ ಹೆಸರಿಟ್ಟು ಕರೆಯುತ್ತಿದ್ದರು. ಮರುವರ್ಷ ರಾಜ್ಯ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು.

ನಿಮಗೆ ಗೊತ್ತಿರಬೇಕಾದ ಇನ್ನೊಂದು ವಿಷಯ. ವಲಸೆ ಕೇಸಿನಲ್ಲಿ ಸರ್ಕಾರ ವಕೀಲರನ್ನು ಕೊಡುವುದಿಲ್ಲ. ಇದು ಅಪರಾಧದ ಕೇಸು ಅಲ್ಲ, ಸಿವಿಲ್. ಹಾಗಾಗಿ ವಕೀಲರ ಖರ್ಚು ನಿಮ್ಮದೇ. ಅಕ್ಕ ಅಟ್ಟದ ಮೇಲೆ ಒಣಗಲು ಬಿಟ್ಟಿದ್ದ ಕೊಬ್ಬರಿಯನ್ನು ರೇಟು ಏರುವ ಮೊದಲೇ ತಿಪಟೂರು ಮಾರುಕಟ್ಟೆಗೆ ಹಾಕಿ ದುಡ್ಡು ಕಳಿಸಿದಳು. ಬೇಡ ಅಂದರೂ ಕೇಳಲಿಲ್ಲ. "ಕೊಲೆ ಮಾಡಿದ್ದಾನಾ, ಕಳ್ಳತನ ಮಾಡಿದ್ದಾನಾ, ಯಾಕೆ ಬಿಡಲ್ಲ ಅವನ್ನ?" ಅನ್ನುತ್ತಿದ್ದಳು. ಬಾಂಡ್ ಮೇಲೆ ಬಿಡಿಸಲು ವಿಚಾರಣೆ ಗೊತ್ತಾಯಿತು. ಮುಂದಕ್ಕೆ ಹೋಯಿತು. ಫೈಲು ಹಳೆಯ ಜಾಗದಿಂದ ಬಂದಿಲ್ಲ ಅಂತ ಮತ್ತೆ ಮುಂದಕ್ಕೆ ಹೋಯಿತು.

ವಕೀಲರು ಧೈರ್ಯ ಹೇಳಿದ್ದರು. ಕನ್ಸಲ್ಟೆನ್ಸಿಯವರು ಮೋಸ ಮಾಡಿದ್ದಕ್ಕೆ ಪುರಾವೆ ಇದೆ, ಇನ್ನೆರಡು ತಿಂಗಳು ತಡೆದರೆ ಗೆಲ್ಲುವ ಸಾಧ್ಯತೆ ಇದೆ ಅಂದಿದ್ದರು. ಎಪ್ಪತ್ತೊಂದನೇ ದಿನ ಹುಡುಗ ನಮಗೆ ಹೇಳದೆ, ಊರಿಗೆ ಹೋಗುತ್ತೇನೆ ಅಂತ ಒಳಗೆ ಕಾಗದಕ್ಕೆ ಸಹಿ ಮಾಡಿಬಿಟ್ಟ. ಯಾಕಪ್ಪಾ ಅಂದರೆ, "ಇನ್ನೊಂದು ವಾರ ಇದ್ದರೆ ನನಗೆ ಹುಚ್ಚು ಹಿಡಿಯುತ್ತೆ ಚಿಕ್ಕಮ್ಮ" ಅಂದ. ಬೈಯಲು ನನಗೆ ಬಾಯಿ ಬರಲಿಲ್ಲ. ಆಮೇಲೂ ವಿಮಾನ ಹತ್ತಿಸಲು ಹದಿನೆಂಟು ದಿನ ತೆಗೆದುಕೊಂಡರು. ಆ ಹದಿನೆಂಟು ದಿನಕ್ಕೂ ತಲೆಗೆ ಇಷ್ಟು ಅಂತ ಬಿಲ್ಲು ಆಗಿರುತ್ತದೆ.

ನಾಚಿಕೆಯ ಸಂಗತಿಯೊಂದು ಇದೆ, ಅದನ್ನೂ ಬರೆದುಬಿಡುತ್ತೇನೆ. ಮನೆಯವರು ಒಂದು ಸಂಜೆ ತಮ್ಮ ನಿವೃತ್ತಿ ಹಣ ಹಾಕಿದ್ದ ಇಂಡೆಕ್ಸ್ ಫಂಡಿನ ಪಟ್ಟಿ ತೆಗೆದು ನೋಡಿದರು. ಜೈಲು ನಡೆಸುವ ಕಂಪನಿಗಳ ಷೇರಿನ ಚೂರುಪಾರು ಅದರಲ್ಲೂ ಇತ್ತು. 2016ರ ನವೆಂಬರಿನಲ್ಲಿ ಟ್ರಂಪ್ ಗೆದ್ದ ಮರುದಿನ ಇವುಗಳಲ್ಲಿ ಒಂದರ ಬೆಲೆ ಶೇ 40ಕ್ಕೂ ಹೆಚ್ಚು ಏರಿತ್ತು. ನಮ್ಮ ಹತ್ತಿರ ಇದ್ದದ್ದು ನಾಲ್ಕು ಕಾಸಿನ ಪಾಲು, ನಿಜ. ಆದರೂ ಅವತ್ತು ರಾತ್ರಿ ಇಬ್ಬರಿಗೂ ಊಟ ಸೇರಲಿಲ್ಲ.

ಈಗ ಮಕ್ಕಳು ಇಲ್ಲಿರುವವರಿಗೆ ನನ್ನ ಮಾತು. ಪೇರೋಲ್‌ನಲ್ಲಿ ಹೆಸರು ಹಾಕುತ್ತೇವೆ ಅನ್ನುವ ಕನ್ಸಲ್ಟೆನ್ಸಿಯ ಬಾಗಿಲಿಗೆ ಹೋಗುವುದು ಬೇಡ. ತೊಂಬತ್ತು ದಿನ ಮುಗಿಯುತ್ತಿದ್ದರೆ ಟಿಕೆಟ್ ತೆಗೆದು ಊರಿಗೆ ಕಳಿಸಿ, ಮರ್ಯಾದೆ ಏನೂ ಹೋಗುವುದಿಲ್ಲ. ಅಮೆರಿಕದಲ್ಲೇ ಇರುವ ಇಬ್ಬರ ನಂಬರ್ ಬಾಯಿಪಾಠ ಮಾಡಿಸಿ. ಹಿಡಿದಾಗ ಭಾರತದ ಕಾನ್ಸುಲೇಟ್‌ಗೆ ತಿಳಿಸಿ ಅಂತ ಕೇಳುವುದು ಅವರ ಹಕ್ಕು, ಬಾಯಿಬಿಟ್ಟು ಕೇಳಬೇಕು. ನಾವು ಕಾನ್ಸುಲೇಟ್‌ಗೆ ನಾವಾಗಿ ಫೋನ್ ಮಾಡುವವರೆಗೂ ಅವರಿಗೆ ಇವನ ಸುದ್ದಿಯೇ ಇರಲಿಲ್ಲ. ಊರಿನಲ್ಲಿರುವವರು ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಇಂಗ್ಲಿಷ್ ಎಷ್ಟೇ ಚೆನ್ನಾಗಿ ಬಂದರೂ ವಕೀಲರು ನೋಡದೆ ಯಾವ ಕಾಗದಕ್ಕೂ ಸಹಿ ಹಾಕಬಾರದು. ಎರಡು ದಿನದಲ್ಲಿ ಬಿಟ್ಟುಬಿಡುತ್ತಾರೆ ಅಂತ ನೆಂಟರಿಂದ ಮುಚ್ಚಿಟ್ಟುಕೊಂಡು ಕೂರಬೇಡಿ. ನಾವು ಹಾಗೆ ಕೂತು ಮೊದಲ ವಾರವನ್ನೇ ಕಳೆದುಕೊಂಡೆವು.

ಹುಡುಗ ಈಗ ತಿಪಟೂರಿನಲ್ಲಿದ್ದಾನೆ. ಲೈಟ್ ಆರಿಸಿದರೆ ನಿದ್ದೆ ಬರುವುದಿಲ್ಲವಂತೆ, ನಡುಮನೆಯಲ್ಲಿ ಟ್ಯೂಬ್‌ಲೈಟ್ ಹಾಕಿಕೊಂಡೇ ಮಲಗುತ್ತಾನೆ ಅಂತ ಅಕ್ಕ ಹೇಳಿದಳು. ಆ ಫೋನ್ ಖಾತೆಯಲ್ಲಿ ನಮ್ಮ 11 ಡಾಲರ್ 40 ಸೆಂಟ್ ಇನ್ನೂ ಉಳಿದಿದೆ. ವಾಪಸ್ ಕೊಡಿ ಅಂತ ಎರಡು ಸಲ ಬರೆದಿದ್ದೇನೆ. ಉತ್ತರ ಬಂದಿಲ್ಲ.