ಎದ್ದು ಹೋದರೆ ತಾನೇ ಲಾಕ್ ಆಗುವ ಕಂಪ್ಯೂಟರ್: ವಿಂಡೋಸ್ ಡೈನಾಮಿಕ್ ಲಾಕ್ ಬಳಸಿ ನೋಡಿದ ಮೇಲೆ

ವಿಂಡೋಸ್‌ನ ಡೈನಾಮಿಕ್ ಲಾಕ್ ನನಗೆ ಇಷ್ಟವಾಗಿದೆ. ದುಡ್ಡು ಕೊಡಬೇಕಿಲ್ಲ, ಹೊರಗಿನ ಸಾಫ್ಟ್‌ವೇರ್ ಹಾಕಬೇಕಿಲ್ಲ. ಆದರೆ ಅದಕ್ಕೆ ನಿಮ್ಮ ಗುರುತಿಲ್ಲ, ನಿಮ್ಮ ಫೋನಿನ ಗುರುತು ಮಾತ್ರ ಇದೆ. ಫೋನ್ ದೂರ ಹೋದರೆ ನೀವೂ ಹೋದಿರಿ ಅಂತ ಲೆಕ್ಕ. ಫೋನ್ ಮೇಜಿನ ಮೇಲೇ ಇದ್ದರೆ ನೀವು ಊರು ಬಿಟ್ಟು ಹೋದರೂ ಅದು ಲಾಕ್ ಆಗುವುದಿಲ್ಲ. "ಆನ್ ಮಾಡಿದ್ದೀನಿ, ಲಾಕ್ ಆಗ್ತಾನೇ ಇಲ್ಲ" ಅನ್ನುವವರ ತೊಂದರೆ ಹೆಚ್ಚಿನ ಸಲ ಇಲ್ಲೇ ಇರುತ್ತದೆ.

ನನಗೆ ಇದು ಯಾಕೆ ಬೇಕಾಯಿತು ಅಂದರೆ, ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮ್ಮದೊಂದು ಸಣ್ಣ ಟ್ಯಾಕ್ಸ್ ಆಫೀಸು. ಮುಂದಿನ ಕೋಣೆಯಲ್ಲಿ ಬಂದವರು ಕೂರುವ ಬೆಂಚು, ಒಳಗೆ ನನ್ನ ಮೇಜು. ಜುಲೈ ಬಂತೆಂದರೆ ರಿಟರ್ನ್ಸ್ ಕಾಲ, ಬಾಗಿಲಲ್ಲೂ ಜನ. ನನ್ನ ಸ್ಕ್ರೀನಿನ ಮೇಲೆ ಯಾವಾಗಲೂ ಒಬ್ಬರಲ್ಲ ಒಬ್ಬರ ಪ್ಯಾನ್ ನಂಬರ್, ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ವಿವರ ತೆರೆದೇ ಇರುತ್ತದೆ. ಜೆರಾಕ್ಸ್‌ಗೆ ಅಂತ ಕೆಳಗಿಳಿದರೆ, ಮುಂದಿನ ಸರದಿಯವರು ಒಳಗೆ ಬಂದು ನನ್ನ ಕುರ್ಚಿಯ ಪಕ್ಕದಲ್ಲೇ ನಿಂತಿರುತ್ತಾರೆ. ಅವರದೇನೂ ತಪ್ಪಿಲ್ಲ. ಆದರೆ ಇನ್ನೊಬ್ಬರ ಸಂಬಳ ಎಷ್ಟು ಅಂತ ಅವರ ಕಣ್ಣಿಗೆ ಬೀಳಬಾರದು. ನಂಬಿ ಕೊಟ್ಟ ಕಾಗದ ಅದು.

ಡೈನಾಮಿಕ್ ಲಾಕ್ 2017ರಲ್ಲಿ ವಿಂಡೋಸ್ 10ರ ಕ್ರಿಯೇಟರ್ಸ್ ಅಪ್‌ಡೇಟ್ ಜೊತೆ ಬಂದದ್ದು. ವಿಂಡೋಸ್ 11ರಲ್ಲೂ ಇದೆ. ಮೊದಲು ಫೋನನ್ನು ಬ್ಲೂಟೂತ್‌ನಲ್ಲಿ ಕಂಪ್ಯೂಟರಿಗೆ ಪೇರ್ ಮಾಡಬೇಕು, ಅಂದರೆ ಜೋಡಿಸಬೇಕು. ಆಮೇಲೆ ಸೆಟ್ಟಿಂಗ್ಸ್, ಅಕೌಂಟ್ಸ್, ಸೈನ್-ಇನ್ ಆಪ್ಷನ್ಸ್‌ಗೆ ಹೋಗಿ ಡೈನಾಮಿಕ್ ಲಾಕ್ ಕೆಳಗಿನ ಚೌಕಕ್ಕೆ ಟಿಕ್ ಹಾಕಿದರೆ ಆಯಿತು. ಫೋನ್ ರೇಂಜ್ ದಾಟಿದ ಮೇಲೆ ಸುಮಾರು ಒಂದು ನಿಮಿಷಕ್ಕೆ ಲಾಕ್ ಬೀಳುತ್ತದೆ.

ಬೀಳದಿದ್ದರೆ? ಸುಮ್ನೆ ಟಿಕ್ ತೆಗೆದು ಹಾಕಿ ಮಾಡುತ್ತಾ ಕೂರಬೇಡಿ. ಮೊದಲು ವಿಂಡೋಸ್ ಸೆಕ್ಯುರಿಟಿ ತೆರೆದು ಅಕೌಂಟ್ ಪ್ರೊಟೆಕ್ಷನ್ ಪುಟ ನೋಡಿ. ಪೇರ್ ಆದ ಫೋನ್ ಇಲ್ಲದಿದ್ದರೆ, ಬ್ಲೂಟೂತ್ ಆಫ್ ಆಗಿದ್ದರೆ, ಡೈನಾಮಿಕ್ ಲಾಕ್ ಕೆಲಸ ಮಾಡುತ್ತಿಲ್ಲ ಅಂತ ಅಲ್ಲೇ ಬರೆದಿರುತ್ತದೆ. ಟಿಕ್ ಹಾಕುವ ಜಾಗ ಒಂದು ಕಡೆ, ಎಚ್ಚರಿಕೆ ತೋರಿಸುವ ಜಾಗ ಇನ್ನೊಂದು ಕಡೆ. ಎರಡೂ ಒಂದೇ ಕಡೆ ಇದ್ದಿದ್ದರೆ ಎಷ್ಟೋ ಜನರ ತಲೆನೋವು ತಪ್ಪುತ್ತಿತ್ತು. ಬ್ಲೂಟೂತ್ ಪಟ್ಟಿಯಲ್ಲಿ ಫೋನಿನ ಹೆಸರಿನ ಕೆಳಗೆ 'ಕನೆಕ್ಟೆಡ್' ಅಂತ ಇಲ್ಲದೆ ಬರೀ 'ಪೇರ್ಡ್' ಅಂತ ಇದ್ದರೆ ಗಾಬರಿ ಬೇಡ, ಅಷ್ಟು ಸಾಕು. ಹಳೇ ಫೋನುಗಳು ಆ ಪಟ್ಟಿಯಲ್ಲಿ ಉಳಿದಿದ್ದರೆ ಮಾತ್ರ ತೆಗೆದುಬಿಡಿ. ಯಾವ ಫೋನನ್ನು ಗಮನಿಸಬೇಕು ಅಂತ ಆರಿಸಲು ಸೆಟ್ಟಿಂಗ್ಸ್‌ನಲ್ಲಿ ಜಾಗವಿಲ್ಲ.

ನಮ್ಮ ಲ್ಯಾಪ್‌ಟಾಪ್‌ನಲ್ಲಿ ಇದೆಲ್ಲ ಸರಿಯಿದ್ದೂ ಲಾಕ್ ಒಂದು ದಿನ ಬೀಳುತ್ತಿತ್ತು, ಇನ್ನೊಂದು ದಿನ ಇಲ್ಲ. ಕೊನೆಗೆ ಕಾರಣ ಸಿಕ್ಕಿದ್ದು ಕಂಪ್ಯೂಟರಿನ ಸಾಧನಗಳ ಪಟ್ಟಿ ಇರುವ ಡಿವೈಸ್ ಮ್ಯಾನೇಜರ್‌ನಲ್ಲಿ. ಅಲ್ಲಿ ಬ್ಲೂಟೂತ್ ಅಡಾಪ್ಟರ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಪವರ್ ಮ್ಯಾನೇಜ್‌ಮೆಂಟ್ ಅಂತ ಒಂದು ಟ್ಯಾಬ್ ಇದೆ. ಕರೆಂಟ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಅನ್ನುವ ಸಾಲಿಗೆ ಟಿಕ್ ಬಿದ್ದಿತ್ತು. ಅದನ್ನು ತೆಗೆದೆ, ಫೋನನ್ನು ಪಟ್ಟಿಯಿಂದ ಅಳಿಸಿ ಹೊಸದಾಗಿ ಪೇರ್ ಮಾಡಿದೆ. ಆಮೇಲಿಂದ ಸರಿಯಾಗಿದೆ. ಎಲ್ಲಾ ಲ್ಯಾಪ್‌ಟಾಪ್‌ಗಳಲ್ಲೂ ಈ ಟ್ಯಾಬ್ ಇರುವುದಿಲ್ಲ, ಇದ್ದರೆ ನೋಡಿ.

ಸರಿಹೋಯಿತೋ ಇಲ್ಲವೋ ಅಂತ ತಿಳಿಯಲು ಒಬ್ಬರೇ ಪರದಾಡಬೇಡಿ, ಇಬ್ಬರಿರಬೇಕು. ನನ್ನ ಫೋನನ್ನು ಆಫೀಸಿನ ಹುಡುಗಿಯ ಕೈಗೆ ಕೊಟ್ಟು ಕಳಿಸಿದೆ. ನಾನು ಕೀಬೋರ್ಡ್ ಮುಟ್ಟದೆ ಸ್ಕ್ರೀನ್ ನೋಡುತ್ತಾ ಕೂತೆ. ಅವಳು ಮುಂದಿನ ಬೆಂಚಿನ ಮೇಲೆ ಕೂತಳು. ಏನೂ ಆಗಲಿಲ್ಲ. ಮೆಟ್ಟಿಲ ತುದಿಗೆ ಹೋದಳು. ಆಗಲೂ ಇಲ್ಲ. ಕೆಳಗಿಳಿದು ಜೆರಾಕ್ಸ್ ಅಂಗಡಿ ಮುಂದೆ ನಿಂತಳು. ಗಡಿಯಾರದ ಮುಳ್ಳು ಒಂದು ಸುತ್ತು ಬರುವಷ್ಟರಲ್ಲಿ ಎಕ್ಸೆಲ್ ಶೀಟ್ ಮಾಯವಾಗಿ ಲಾಕ್ ಸ್ಕ್ರೀನ್ ಬಂತು. "ಅಕ್ಕಾ, ಆಯ್ತಾ?" ಅಂತ ಕೆಳಗಿಂದ ಕೂಗಿದಳು. "ಆಯ್ತು, ಬಾರೇ!"

ಅಂದರೆ ನಮ್ಮ ಆಫೀಸಿನೊಳಗೆ ಎಲ್ಲಿ ಓಡಾಡಿದರೂ ಲಾಕ್ ಇಲ್ಲ, ಕೆಳಗಿಳಿದರೆ ಉಂಟು. ಇದು ಕೆಟ್ಟಿದೆ ಅಂತಲ್ಲ, ಮಾಡಿರುವುದೇ ಹಾಗೆ. ಬ್ಲೂಟೂತ್ ಸಿಗ್ನಲ್ ಎಷ್ಟು ಕುಗ್ಗಿತು ಅಂತ ಅಳೆದು ವಿಂಡೋಸ್ ತೀರ್ಮಾನ ಮಾಡುತ್ತದೆ. ಆ ಅಳತೆಯಲ್ಲಿ ಸೊನ್ನೆ ಅಂದರೆ ಜೋರು, ‑10 ಅಂದರೆ ಅದಕ್ಕಿಂತ ಕಮ್ಮಿ, ‑60 ಅಂದರೆ ಇನ್ನೂ ಕಮ್ಮಿ. ಮೈಕ್ರೋಸಾಫ್ಟ್ ಮೊದಲೇ ಇಟ್ಟಿರುವ ಗಡಿ ‑10. ಸಾಧಾರಣ ಅಳತೆಯ ಒಂದು ಆಫೀಸ್ ಕೋಣೆಯಲ್ಲಿ ಓಡಾಡಿದರೆ ಲಾಕ್ ಬೀಳಬಾರದು ಅನ್ನುವುದು ಅದರ ಉದ್ದೇಶ. ಗೋಡೆ, ಬೀರು, ನಮ್ಮ ಮೈ ಎಲ್ಲವೂ ಸಿಗ್ನಲ್ ತಡೆಯುತ್ತವೆ. ಹಾಗಾಗಿ ಇಷ್ಟು ಅಡಿಗೆ ಲಾಕ್ ಅಂತ ಯಾರೂ ಹೇಳಲಾಗದು. ಈ ಗಡಿಯನ್ನು ಬದಲಿಸಲು ವಿಂಡೋಸ್‌ನ ಒಳಗಿನ ನಿಯಮಗಳಿರುವ ಗ್ರೂಪ್ ಪಾಲಿಸಿಯಲ್ಲಿ ದಾರಿ ಇದೆ, ಆದರೆ ಮನೆ ಬಳಕೆಗೆಂದು ಬರುವ ವಿಂಡೋಸ್ ಹೋಮ್ ಎಡಿಶನ್‌ನಲ್ಲಿ ಗ್ರೂಪ್ ಪಾಲಿಸಿ ಎಡಿಟರ್ ಇಲ್ಲ. ನಮ್ಮದು ಹೋಮ್. ಸೆಟ್ಟಿಂಗ್ಸ್‌ನಲ್ಲೇ 'ಹತ್ತಿರ, ಮಧ್ಯಮ, ದೂರ' ಅಂತ ಮೂರು ಆಯ್ಕೆ ಕೊಟ್ಟಿದ್ದರೆ ನಮ್ಮಂಥ ಚಿಕ್ಕ ಆಫೀಸಿನವರಿಗೆ, ಮನೆಯಲ್ಲಿ ಕೆಲಸ ಮಾಡುವವರಿಗೆ ಎಷ್ಟು ಉಪಕಾರವಾಗುತ್ತಿತ್ತು.

ಇನ್ನೊಂದು ಮಾತು, ಇದನ್ನು ಹೇಳುವವರು ಕಮ್ಮಿ. ನಾನು ಸೀರೆ ಉಡುವವಳು. ನಮ್ಮ ಹುಡುಗಿಯ ಚೂಡಿದಾರಕ್ಕೂ ಜೇಬಿಲ್ಲ. ಗಂಡಸರ ಫೋನ್ ಷರ್ಟಿನ ಜೇಬಲ್ಲೇ ಇರುತ್ತದೆ, ಅವರು ಎದ್ದರೆ ಫೋನೂ ಎದ್ದಂತೆ. ನಮ್ಮದು ಮೇಜಿನ ಮೇಲೆ, ಇಲ್ಲವೇ ಚಾರ್ಜರ್‌ಗೆ ಸಿಕ್ಕಿಸಿದ್ದು. ಫೋನ್ ಯಾವಾಗಲೂ ಮೈಮೇಲೇ ಇರುತ್ತದೆ ಅಂದುಕೊಂಡು ಮಾಡಿದ ಸೌಲಭ್ಯ ಅರ್ಧ ಜನರಿಗೆ ಅರ್ಧವೇ ಉಪಯೋಗ, ಅಲ್ವಾ? ಈಗ ನಾನು ಕೊರಳಿಗೆ ಹಾಕುವ ಸಣ್ಣ ಫೋನ್ ಚೀಲ ಇಟ್ಟುಕೊಂಡಿದ್ದೇನೆ. ಹೊಲಿಸುವಾಗ ಜೇಬು ಇಡಿಸಿಕೊಳ್ಳೋಕೆ ಅವಳಿಗೂ ಹೇಳಿದ್ದೇನೆ.

ವಾಪಸ್ ಬಂದರೆ ತಾನೇ ತೆರೆದುಕೊಳ್ಳುತ್ತದೆ ಅಂದುಕೊಳ್ಳಬೇಡಿ. ಡೈನಾಮಿಕ್ ಲಾಕ್ ಮುಚ್ಚುತ್ತದೆ ಅಷ್ಟೆ, ತೆಗೆಯಲು ಪಿನ್ ಅಥವಾ ಬೆರಳು ಬೇಕು. ನನಗೆ ಅದೇ ಸರಿ ಅನ್ನಿಸುತ್ತದೆ. ಅಕೌಂಟಿಗೆ ಪಾಸ್‌ವರ್ಡೇ ಇಲ್ಲದಿದ್ದರೆ ಮಾತ್ರ ಲಾಕ್ ಬಿದ್ದೂ ಪ್ರಯೋಜನವಿಲ್ಲ, ಯಾರು ಬೇಕಾದರೂ ತೆಗೆಯಬಹುದು. ಇನ್ನು ಆ ಒಂದು ನಿಮಿಷದ ಸಂದು. ಮೊಬೈಲ್‌ನಲ್ಲಿ ಸ್ಕ್ರೀನಿನ ಫೋಟೋ ಹೊಡೆಯಲು ಅಷ್ಟು ಹೊತ್ತು ಧಾರಾಳ ಸಾಕು. ಅದಕ್ಕೇ ಕುರ್ಚಿ ಬಿಡುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತುವುದನ್ನು ನಾನು ಬಿಟ್ಟಿಲ್ಲ. ಗಡಿಬಿಡಿಯಲ್ಲಿ ಅದು ಮರೆತ ದಿನಕ್ಕೆ ಡೈನಾಮಿಕ್ ಲಾಕ್ ಇದೆ, ಆ ಕೆಲಸಕ್ಕೆ ಇದು ಸಾಕು. ಐದಕ್ಕೆ ಮೂರೂವರೆ ಕೊಡುತ್ತೇನೆ.

ಹೊಸ ಲ್ಯಾಪ್‌ಟಾಪ್ ಕೊಳ್ಳುವವರು ಪ್ರೆಸೆನ್ಸ್ ಸೆನ್ಸರ್ ಇದೆಯಾ ಅಂತ ಕೇಳಿ. ಎದುರಿಗೆ ಮನುಷ್ಯರಿದ್ದಾರೋ ಇಲ್ಲವೋ ಅಂತ ಅದು ಗುರುತಿಸುತ್ತದೆ, ಫೋನಿನ ಗೊಡವೆಯೇ ಇಲ್ಲ. ನಮ್ಮ ಎರಡನೇ ಮೇಜಿನ ಹಳೇ ಡೆಸ್ಕ್‌ಟಾಪ್‌ಗೆ ಬ್ಲೂಟೂತೇ ಇಲ್ಲ. ಅದಕ್ಕೆ ಸ್ಕ್ರೀನ್ ಸೇವರ್ ಸೆಟ್ಟಿಂಗ್ಸ್‌ನಲ್ಲಿ ಒಂದು ನಿಮಿಷ ಇಟ್ಟು, ಮತ್ತೆ ಶುರುವಾದಾಗ ಲಾಗಿನ್ ಕೇಳು ಅನ್ನುವ ಚೌಕಕ್ಕೆ ಟಿಕ್ ಹಾಕಿದ್ದೇನೆ. ಯಾರಾದರೂ ಫೋನಲ್ಲಿ ಮಾತಾಡುತ್ತಾ ಕೂತರೆ ನಡುವೆಯೇ ಮುಚ್ಚಿಕೊಳ್ಳುತ್ತದೆ, ಹುಡುಗಿಗೆ ಸ್ವಲ್ಪ ಕಿರಿಕಿರಿ. ಜುಲೈ ಮುಗಿಯುವ ತನಕ ಮಾತ್ರ ಅದನ್ನು ಬದಲಿಸುವುದಿಲ್ಲ ಅಂದಿದ್ದೇನೆ.