8×42 ಬೈನಾಕ್ಯುಲರ್: ಎರಡು ಬೇಸಿಗೆ, ಎರಡು ಮಳೆಗಾಲ ಬಳಸಿದ ಮೇಲೆ

ವಿರಾಜಪೇಟೆಯಲ್ಲಿ ನಮಗೆ ಬೇಸಿಗೆ ರಜೆ ಅಂದ್ರೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ. ನಾನು ಶಾಲೆಯಲ್ಲಿ ಪಾಠ ಮಾಡುತ್ತೇನೆ, ಹಾಗಾಗಿ ನನಗೂ ರಜೆ, ಮಕ್ಕಳಿಗೂ ರಜೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಮನೆಯವರಿಗೆ ಸಹಕಾರ ಸಂಘದಲ್ಲಿ ಕೆಲಸ, ಅವರು ಕೈಗೆ ಸಿಗೋದು ಭಾನುವಾರ ಮಾತ್ರ. ಮಕ್ಕಳನ್ನು ಕರೆದುಕೊಂಡು ಹೋಗೋಕೆ ಇಲ್ಲಿ ಮಾಲ್ ಇಲ್ಲ, ದೊಡ್ಡ ಪಾರ್ಕೂ ಇಲ್ಲ. ಇರೋದು ಮಲೆತಿರಿಕೆ ಬೆಟ್ಟ, ಸುತ್ತ ಕಾಫಿ ತೋಟ, ಬೆಳಿಗ್ಗೆಯಿಂದ ಸಂಜೆಯವರೆಗೆ ಕೂಗುವ ಕುಟ್ರು ಹಕ್ಕಿ. ಆ ಕುಟ್ರು ಹಕ್ಕಿಯಿಂದಲೇ ಈ ಬೈನಾಕ್ಯುಲರ್ ನಮ್ಮ ಮನೆಗೆ ಬಂತು. ದಿನವಿಡೀ ಕೂಗು ಕೇಳುತ್ತದೆ, ಹಕ್ಕಿ ಮಾತ್ರ ಕಾಣಲ್ಲ. ಎಲೆಯ ಹಸಿರು, ಹಕ್ಕಿಯ ಹಸಿರು ಎರಡೂ ಒಂದೇ. ಮಗಳು ಒಂದು ವಾರ ಮರದ ಕೆಳಗೆ ನಿಂತು ಕತ್ತು ನೋಯಿಸಿಕೊಂಡಳು.

2023ರ ಏಪ್ರಿಲ್‌ನಲ್ಲಿ ಮೊದಲು ಕೊಂಡಿದ್ದು ಇದಲ್ಲ. ಆನ್‌ಲೈನ್‌ನಲ್ಲಿ 1,400 ರೂಪಾಯಿಗೆ ಸಿಕ್ಕ ಒಂದು ಸಣ್ಣ 10×25. ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ ಬರೆದಿದ್ದನ್ನು ನೋಡಿ ಕೊಂಡೆವು. ಹತ್ತು ಪಟ್ಟು ಕಂಡಿದ್ದೂ ನಿಜ. ಆದರೆ ಅದು ನಮ್ಮ ಕೈ ನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ ಅಂತ ಯಾರೂ ಹೇಳಿರಲಿಲ್ಲ. ಮಗಳ ಕೈಯಲ್ಲಂತೂ ಹಕ್ಕಿ ಒಂದು ಕ್ಷಣ ಕಂಡು ಜಾರಿ ಹೋಗುತ್ತಿತ್ತು. ತೋಟದ ನೆರಳಿನಲ್ಲಿ ಎಲ್ಲಾ ಕಪ್ಪು ಕಪ್ಪು. ಆ ವರ್ಷದ ಮಳೆಗಾಲ ಮುಗಿದು ಸೆಪ್ಟೆಂಬರ್‌ನಲ್ಲಿ ತೆಗೆದು ನೋಡಿದರೆ ಲೆನ್ಸಿನ ಒಳಗೆ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು. ಫಂಗಸ್. ಮೈಸೂರಿನಲ್ಲಿ ಒಬ್ಬರು ರಿಪೇರಿಯವರಿಗೆ ತೋರಿಸಿದೆವು. ಬಿಚ್ಚಿ ಕ್ಲೀನ್ ಮಾಡೋಕೆ ಆಗುವ ಖರ್ಚು ಇದರ ಬೆಲೆಗಿಂತ ಜಾಸ್ತಿ ಅಂದರು. ಮಗಳು ಅದನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದ್ದು ನೋಡಿ ನನಗೆ ತುಂಬಾ ಬೇಜಾರಾಯಿತು.

ಹಾಗಾಗಿ ಎರಡನೇದನ್ನು ಕೊಳ್ಳುವ ಮೊದಲು ಆರು ತಿಂಗಳು ಓದಿದೆ, ಹಕ್ಕಿ ನೋಡುವ ನಾಲ್ಕು ಜನರನ್ನು ಕೇಳಿದೆ. 2024ರ ಮಾರ್ಚ್‌ನಲ್ಲಿ 8,900 ರೂಪಾಯಿ ಕೊಟ್ಟು 8×42 ತೆಗೆದುಕೊಂಡೆವು. ಕಂಪನಿಯ ಹೆಸರು ಬರೆಯುತ್ತಿಲ್ಲ. ಕೊಳ್ಳುವಾಗ ನೋಡಬೇಕಾದ್ದು ಅದರ ಅಳತೆ, ಮತ್ತೆ ಒಳಗೆ ನೀರು, ಆವಿ ಹೋಗದ ಹಾಗೆ ಸೀಲ್ ಮಾಡಿ ನೈಟ್ರೋಜನ್ ತುಂಬಿದ್ದಾರಾ ಅನ್ನೋದು. ಕೊಡಗಿನಲ್ಲಿ ಇರುವವರಿಗೆ ನಾನು ಹೇಳೋದು ಇದೊಂದೇ: ಎಷ್ಟು ದೂರ ಕಾಣುತ್ತದೆ ಅಂತ ಆಮೇಲೆ ಕೇಳಿ, ಮಳೆಗಾಲ ತಡೆಯುತ್ತದಾ ಅಂತ ಮೊದಲು ಕೇಳಿ.

ಅಳತೆ ಅಂದ್ರೆ, 8 ಅನ್ನೋದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನೋದು, 42 ಅನ್ನೋದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರ್‌ನಲ್ಲಿ. 42ನ್ನು 8ರಿಂದ ಭಾಗಿಸಿ, 5.25 ಬರುತ್ತದೆ. ನಮ್ಮ ಕಣ್ಣಿಗೆ ಬಂದು ಬೀಳುವ ಬೆಳಕಿನ ಕಂಬದ ಅಗಲ ಅದು, 5.25 ಮಿ.ಮೀ. ಹಳೇ 10×25ರಲ್ಲಿ ಅದು ಬರೀ 2.5 ಇತ್ತು. ನಡು ಮಧ್ಯಾಹ್ನ ಬಯಲಲ್ಲಿ ಈ ವ್ಯತ್ಯಾಸ ಗೊತ್ತೇ ಆಗಲ್ಲ. ಆದರೆ ಬೆಳಿಗ್ಗೆ ಏಳು ಗಂಟೆಗೆ ಸಿಲ್ವರ್ ಓಕ್, ನಂದಿ, ಅತ್ತಿ ಮರಗಳ ಕೆಳಗೆ, ರೊಬಸ್ಟಾ ಕಾಫಿ ಗಿಡಗಳ ನಡುವೆ ನಿಂತಾಗ ನಮ್ಮ ಕಣ್ಣಿನ ಪಾಪೆ ದೊಡ್ಡದಾಗಿ ತೆರೆದುಕೊಂಡಿರುತ್ತದೆ. ಆಗ ಆ ಬೆಳಕೆಲ್ಲ ಬೇಕು. ಮಗಳು ಕುಟ್ರು ಹಕ್ಕಿಯ ಕೆನ್ನೆಯ ಬಿಳಿ ಪಟ್ಟಿಯನ್ನು ಮೊದಲ ಸಲ ನೋಡಿದ್ದು ಅಂಥದ್ದೇ ನೆರಳಿನಲ್ಲಿ. "ಅಮ್ಮಾ, ಇದಕ್ಕೆ ಮೀಸೆ ಇದೆ" ಅಂದಳು. ನಿಜ, ಕೊಕ್ಕಿನ ಬುಡದಲ್ಲಿ ಮುಳ್ಳಿನಂಥ ಕೂದಲು ಇರುತ್ತದೆ. ನಾನು ಇಷ್ಟು ವರ್ಷ ಇದೇ ಊರಿನಲ್ಲಿದ್ದೂ ಅದನ್ನು ನೋಡಿರಲಿಲ್ಲ.

ಕೈಗೆ ಬಂದ ಮೊದಲ ದಿನ ಹತ್ತು ನಿಮಿಷ ಕೂತು ಹೊಂದಿಸಿಕೊಳ್ಳಬೇಕು. ಇದನ್ನು ಮಾಡದೇ ತುಂಬಾ ಜನ "ಮಸುಕು" ಅಂತ ವಾಪಸ್ ಕಳಿಸುತ್ತಾರೆ. ಮೊದಲು ಎರಡೂ ಕೊಳವೆಗಳನ್ನು ಹತ್ತಿರ ದೂರ ಮಾಡಿ, ಎರಡು ಕಣ್ಣಿಗೂ ಸೇರಿ ಒಂದೇ ಗುಂಡಗಿನ ಚಿತ್ರ ಕಾಣುವ ಹಾಗೆ ಮಾಡಿ. ಆಮೇಲೆ ಬಲಗಡೆಯ ಮುಂದಿನ ಲೆನ್ಸನ್ನು ಕೈಯಲ್ಲಿ ಮುಚ್ಚಿ, ಎದುರು ಮನೆಯ ಹೆಂಚಿನ ಅಂಚನ್ನೋ ಕರೆಂಟ್ ಕಂಬದ ನಂಬರನ್ನೋ ಎಡಗಣ್ಣಲ್ಲಿ ನೋಡುತ್ತಾ ನಡುವಿನ ಚಕ್ರ ತಿರುಗಿಸಿ ಸ್ಪಷ್ಟ ಮಾಡಿ. ಈಗ ಎಡಗಡೆ ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಹತ್ತಿರ ಇರುವ ರಿಂಗ್ ಮಾತ್ರ ತಿರುಗಿಸಿ. ಮುಗಿಯಿತು. ಆಮೇಲೆ ಎಲ್ಲಾ ಕೆಲಸ ನಡುವಿನ ಚಕ್ರದ್ದೇ. ನಮ್ಮದರಲ್ಲಿ ನನ್ನ ಕಣ್ಣಿಗೆ ಒಂದು ಗುರುತು, ಮಗಳ ಕಣ್ಣಿಗೆ ಒಂದು ಗುರುತು ಅಂತ ಆ ರಿಂಗ್ ಮೇಲೆ ಬಿಳಿ ಪೇಂಟಿನಲ್ಲಿ ಎರಡು ಚುಕ್ಕಿ ಇಟ್ಟಿದ್ದೇವೆ. ಮನೆಯವರಿಗೆ ಕನ್ನಡಕ ಇದೆ, ಅವರು ಕಣ್ಣಿನ ಹತ್ತಿರದ ರಬ್ಬರ್ ಕಪ್ಪನ್ನು ತಿರುಗಿಸಿ ಒಳಗೆ ಇಳಿಸಿಕೊಳ್ಳುತ್ತಾರೆ. ಕನ್ನಡಕ ತೆಗೆಯೋದು ಬೇಡ.

ಐದು ವರ್ಷದ ಮಗನಿಗೆ ಇದು ಆಗಲ್ಲ. ಕೊಳವೆಗಳನ್ನು ಎಷ್ಟು ಹತ್ತಿರ ತಂದರೂ ಅವನ ಎರಡು ಕಣ್ಣಿನ ನಡುವಿನ ಅಂತರಕ್ಕೆ ಸಾಲಲ್ಲ, ಒಂದೇ ಕಣ್ಣಲ್ಲಿ ನೋಡುತ್ತಾನೆ. ಮೇಲಿಂದ 680 ಗ್ರಾಂ ತೂಕ. ಚಿಕ್ಕ ಮಕ್ಕಳಿಗೆ ಅಂತಲೇ ಕೊಳ್ಳೋದಾದರೆ ಇದು ಬೇಡ, 30ರ ಆಸುಪಾಸಿನ ಲೆನ್ಸಿನ ಹಗುರವಾದದ್ದು ನೋಡಿ, ಅಂಗಡಿಯಲ್ಲಿ ಮಗುವಿನ ಕಣ್ಣಿಗೆ ಇಟ್ಟು ನೋಡಿಯೇ ತೆಗೆದುಕೊಳ್ಳಿ.

ನಾವು ಹೆಚ್ಚಾಗಿ ಹೋಗೋದು ಪರಿಚಯದವರ ತೋಟಕ್ಕೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಸುಮಾರು ಒಂಬತ್ತು ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ, ಇಡೀ ತೋಟ ಮಲ್ಲಿಗೆ ವಾಸನೆ. ಹಲಸು ಹಣ್ಣಾಗುವ ಕಾಲವೂ ಇದೇ, ಆನೆ ತೋಟದೊಳಗೆ ಬರುವ ಕಾಲವೂ ಇದೇ. ಅದಕ್ಕೆ ಪೂರ್ತಿ ಬೆಳಕಾಗುವ ಮೊದಲು ನಾವು ಮನೆ ಬಿಡಲ್ಲ. ಹೊರಡುವ ಮೊದಲು ತೋಟದ ರೈಟರಿಗೆ, ಅಂದ್ರೆ ಅಲ್ಲಿನ ಕೆಲಸ, ಲೆಕ್ಕ ನೋಡಿಕೊಳ್ಳುವವರಿಗೆ, ಫೋನ್ ಮಾಡಿ "ಆನೆ ಎಲ್ಲಿದೆ ಅಣ್ಣ" ಅಂತ ಕೇಳುತ್ತೇವೆ. ಅವರು "ಇವತ್ತು ಬರಬೇಡಿ ಟೀಚರೇ" ಅಂದರೆ ಅಲ್ಲಿಗೆ ಮುಗಿಯಿತು, ಆ ದಿನ ಟೆರೇಸೇ ಗತಿ.

2024ರ ಏಪ್ರಿಲ್‌ನಲ್ಲಿ ಅದೇ ರೈಟರ್ ಒಂದು ನಂದಿ ಮರ ತೋರಿಸಿದರು. ಮೆಣಸಿನ ಬಳ್ಳಿ ಹಬ್ಬಿದ ಹಳೇ ಮರ, ಎತ್ತರದಲ್ಲಿ ಒಂದು ಪೊಟರೆ. ಮಲಬಾರ್ ಬೂದು ಮಂಗಟ್ಟೆಯ ಗೂಡು. ಪಶ್ಚಿಮ ಘಟ್ಟ ಬಿಟ್ಟರೆ ಈ ಹಕ್ಕಿ ಬೇರೆಲ್ಲೂ ಇಲ್ಲ. ಯಾರೋ ಗಹಗಹಿಸಿ ನಗುವ ಹಾಗೆ ಕೂಗುತ್ತದೆ, ಅದು ಇಲ್ಲಿ ಎಲ್ಲರಿಗೂ ಪರಿಚಯದ ಸದ್ದು. ಹೆಣ್ಣು ಪೊಟರೆಯೊಳಗೆ ಸೇರಿ ಪೊಟರೆಯ ಬಾಯನ್ನು ಮುಚ್ಚಿಕೊಂಡು ಕೂರುತ್ತದೆ, ಒಂದು ಸೀಳು ಮಾತ್ರ ಬಿಟ್ಟಿರುತ್ತದೆ. ನಾವು 50–60 ಮೀಟರ್ ದೂರದ ತೋಟದ ದಾರಿಯಲ್ಲೇ ಕೂತೆವು, ಹತ್ತಿರ ಹೋದರೆ ಗಂಡು ಬರಲ್ಲ. ಮುಕ್ಕಾಲು ಗಂಟೆ ಏನೂ ಇಲ್ಲ. ಆಮೇಲೆ ಕಿತ್ತಳೆ ಕೊಕ್ಕಿನ ಗಂಡು ಬಂದು ಪೊಟರೆಯ ಬಾಯಲ್ಲಿ ಆತುಕೊಂಡಿತು. ಕೊಕ್ಕಿನಲ್ಲಿ ಏನೂ ಕಾಣಲಿಲ್ಲ. ಮಗಳು "ಬರೀ ಕೈಯಲ್ಲಿ ಬಂದಿದೆ" ಅಂತ ಪಿಸುಗುಟ್ಟಿದಳು. ಅಷ್ಟರಲ್ಲಿ ಅದು ತಲೆಯನ್ನು ಒಂದು ಸಲ ಹಿಂದಕ್ಕೆ ಒಗೆದು ಗಂಟಲಿನಿಂದ ಒಂದು ಹಣ್ಣು ಮೇಲೆ ತಂದು, ಕೊಕ್ಕಿನ ತುದಿಯಲ್ಲಿ ಹಿಡಿದು, ಸೀಳಿನೊಳಗೆ ಕೊಟ್ಟಿತು. ಒಳಗಿನಿಂದ ಇನ್ನೊಂದು ಕೊಕ್ಕಿನ ತುದಿ ಬಂದು ತೆಗೆದುಕೊಂಡಿತು. ಮತ್ತೆ ಇನ್ನೊಂದು ಹಣ್ಣು. ಮಗಳು ಉಸಿರು ಹಿಡಿದು ಎಣಿಸಿದಳು, ಹನ್ನೊಂದು. ಕೈ ನಡುಗದ ಹಾಗೆ ಮೊಣಕೈಯನ್ನು ಮೊಣಕಾಲ ಮೇಲೆ ಊರಿ ಕೂತಿದ್ದಳು, ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. 10×25ರಲ್ಲಿ ಆ ಹನ್ನೊಂದು ಹಣ್ಣನ್ನು ಎಣಿಸೋಕೆ ಆಗುತ್ತಿರಲಿಲ್ಲ.

ಹಕ್ಕಿಗೆ ಅಂತ ಕೊಂಡರೂ ಬೇರೆ ಉಪಯೋಗ ತುಂಬಾ ಇದೆ. ಬೇಸಿಗೆ ಅಂದ್ರೆ ನಮ್ಮ ಜಿಲ್ಲೆಯಲ್ಲಿ ಕೊಡವ ಕೌಟುಂಬಿಕ ಹಾಕಿ, ಒಂದೊಂದು ಮನೆತನಕ್ಕೆ ಒಂದೊಂದು ತಂಡ. ನಮ್ಮ ಪಕ್ಕದ ಕರಡದಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ್ದು, ಆಗ 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಮನೆತನದ ಕಪ್‌ಗೆ 360 ತಂಡ. ಅಜ್ಜ ಮೊಮ್ಮಗ ಒಂದೇ ತಂಡದಲ್ಲಿ ಆಡೋದನ್ನು ನೋಡೋಕೆ ಎರಡು ಭಾನುವಾರ ಹೋಗಿದ್ದೆವು. ಗ್ಯಾಲರಿಯ ಮೇಲಿನ ಸಾಲಿನಿಂದ ಆ ಕಡೆಯ ಗೋಲ್ ಮುಂದೆ ಚೆಂಡು ಯಾರ ಸ್ಟಿಕ್‌ಗೆ ತಾಗಿತು ಅಂತ ಸ್ಪಷ್ಟವಾಗಿ ಕಾಣುತ್ತದೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು "ಕೊಡು ಮಗಳೇ, ನನ್ನ ತಮ್ಮನ ಮೊಮ್ಮಗ ಆಡ್ತಾ ಇದ್ದಾನೆ" ಅಂತ ಕೇಳಿ ತೆಗೆದುಕೊಂಡವರು ಪಂದ್ಯ ಮುಗಿಯುವವರೆಗೆ ಇಳಿಸಲೇ ಇಲ್ಲ. ಮಗಳೂ ಕೇಳಲಿಲ್ಲ.

ರಾತ್ರಿ ಕರೆಂಟ್ ಹೋದಾಗ ಟೆರೇಸ್ ಮೇಲೆ ಚಂದ್ರ. ಹುಣ್ಣಿಮೆಗಿಂತ ಅರ್ಧ ಚಂದ್ರ ಇದ್ದಾಗ ನೋಡಿ, ಬೆಳಕು ನೆರಳು ಸೇರುವ ಗೆರೆಯಲ್ಲಿ ಗುಳಿಗಳು ಎದ್ದು ಕಾಣುತ್ತವೆ. 2025ರ ಏಪ್ರಿಲ್ ಸಂಜೆಗಳಲ್ಲಿ ಪಶ್ಚಿಮದಲ್ಲಿ ಗುರು ಗ್ರಹ ಇತ್ತು. ನೀರಿನ ಟ್ಯಾಂಕಿನ ಮೇಲೆ ಬೈನಾಕ್ಯುಲರ್ ಒತ್ತಿ ಹಿಡಿದರೆ ಪಕ್ಕದಲ್ಲಿ ಸೂಜಿ ಮೊನೆಯಷ್ಟು ಚುಕ್ಕಿಗಳು, 1610ರಲ್ಲಿ ಗೆಲಿಲಿಯೋ ಕಂಡ ಅವೇ ಉಪಗ್ರಹಗಳು. ಮೂರು ಕಂಡವು. ಸೂರ್ಯನ ಕಡೆ ಮಾತ್ರ ಒಂದು ಕ್ಷಣವೂ ತಿರುಗಿಸಬೇಡಿ, ಕಣ್ಣೇ ಹೋಗುತ್ತದೆ. ನಮ್ಮ ಮನೆಯಲ್ಲಿ ಮಕ್ಕಳಿಗೆ ಇರುವ ಮೊದಲ ನಿಯಮ ಇದು.

ಬೇಜಾರಿನ ವಿಷಯಗಳೂ ಇವೆ. ಜೊತೆಗೆ ಕೊಟ್ಟ ಪಟ್ಟಿ ತೀರಾ ತೆಳು, ಅರ್ಧ ಗಂಟೆಗೆ ಕತ್ತು ಕೊರೆಯುತ್ತದೆ. 350 ರೂಪಾಯಿ ಕೊಟ್ಟು ಅಗಲದ್ದು ಹಾಕಿಸಿದೆವು. ಮುಂದಿನ ಲೆನ್ಸಿನ ಮುಚ್ಚಳ ಸಡಿಲ. ಒಂದು ಮೊದಲ ತಿಂಗಳೇ ತೋಟದಲ್ಲಿ ಬಿದ್ದು ಹೋಯಿತು. ಕಂಪನಿಗೆ ಬರೆದರೆ ಮೂರು ವಾರ ಆದಮೇಲೆ "ಬಿಡಿ ಭಾಗ ಸಿಗೋದಿಲ್ಲ" ಅಂತ ಒಂದು ಸಾಲಿನ ಉತ್ತರ. 8,900 ರೂಪಾಯಿ ಕೊಟ್ಟವರಿಗೆ ಒಂದು ರಬ್ಬರ್ ಮುಚ್ಚಳ ಕೊಡೋಕೆ ಆಗಲ್ವಾ? ಮತ್ತೆ ಎರಡೂವರೆ ಮೀಟರ್‌ಗಿಂತ ಹತ್ತಿರ ಇರೋದು ಸ್ಪಷ್ಟ ಆಗಲ್ಲ, ಅಂಗಳದ ಹೂವಿನ ಮೇಲಿನ ಚಿಟ್ಟೆ ನೋಡೋಕೆ ಹಿಂದೆ ಹಿಂದೆ ಹೋಗಬೇಕು.

ಇನ್ನು ಮಳೆಗಾಲ. ಸೀಲ್ ಆಗಿದ್ದರೂ ಹೊರಗಿನ ಗಾಜಿನ ಮೇಲೆ ಫಂಗಸ್ ಬರಬಹುದು. ಬೆರಳಿನ ಜಿಡ್ಡು, ಧೂಳು, ತೇವ ಸೇರಿದರೆ ಅದಕ್ಕೆ ಸಾಕು. ಚರ್ಮದ, ಬಟ್ಟೆಯ ಚೀಲದೊಳಗೆ ಇಟ್ಟು ಬೀರುವಿಗೆ ಹಾಕಲೇಬೇಡಿ, ಚೀಲವೇ ತೇವ ಹಿಡಿಯುತ್ತದೆ. ನಾವು ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ 200 ಗ್ರಾಂ ಸಿಲಿಕಾ ಜೆಲ್ ಹಾಕಿ ಇಡುತ್ತೇವೆ. ನೀಲಿ ಬಣ್ಣದ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ಕಿತ್ತಳೆ ಬಣ್ಣದ್ದು ತನ್ನಿ, ತೇವ ಕುಡಿದರೆ ಹಸಿರಾಗುತ್ತದೆ. ಹಸಿರಾದಾಗ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆ ಆಗುತ್ತದೆ. ಜುಲೈನಲ್ಲಿ ಇದನ್ನು ಹತ್ತು ದಿನಕ್ಕೊಮ್ಮೆ ಮಾಡಿದ್ದೇನೆ, ಅಷ್ಟು ತೇವ ನಮ್ಮಲ್ಲಿ.

2025ರ ಸೆಪ್ಟೆಂಬರ್‌ನಲ್ಲಿ ಮಳೆ ಬಿಟ್ಟ ಒಂದು ಬೆಳಿಗ್ಗೆ ಮಗಳೇ ಡಬ್ಬಿ ತೆಗೆದಳು. ಟಾರ್ಚ್ ಹಿಡಿದು ಎರಡೂ ಕೊಳವೆಗಳ ಒಳಗೆ ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ನೋಡಿದಳು. ಒಂದು ಎಳೆಯೂ ಇರಲಿಲ್ಲ. ಅದನ್ನು ಕತ್ತಿಗೆ ಹಾಕಿಕೊಂಡು ಟೆರೇಸ್ ಹತ್ತಿದಳು.